ಇನ್ನೂರ ಹದಿನೇಳನೆಯ ನಂಬರಿನ ಸರದಿ

ನಾನು ಹಿರೇಕೆರೂರಿನ ಬೀಜ ಬೆಳೆಗಾರರ ಸಂಘಕ್ಕೆ ಗುಮಾಸ್ತನಾಗಿ ಸೇರಿ ಮ್ಯಾನೇಜರನಾಗಿ ಹೊರಬಿದ್ದವನು. ನಡುವೆ ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ನನ್ನ ಹೆಂಡತಿ ಬೀಗರಿಗೆಲ್ಲ ಹೇಳಿ ಮುಗಿಸಿದ್ದಾಳೆ. ನಾನು ಮತ್ತೆ ಹೇಳಿ ಬೇಸರ ತರಿಸುವುದಿಲ್ಲ. ನಿವೃತ್ತನಾಗಿ ಎರಡು ವರ್ಷವಾಯಿತು. ಈಗ ನನ್ನ ಕುರ್ಚಿಯಲ್ಲಿ ಕೂರುವ ಸವಿತಾ ಮೊನ್ನೆ ಮನೆಗೆ ಬಂದು, ಹೊಸದಾಗಿ ಕಚೇರಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದಳು. ಜನರನ್ನು ಕೆಲಸಕ್ಕೆ ಆರಿಸುವುದು ಹೇಗೆ ಎಂದು ಬರೆಯಿರಿ, ಅದರಲ್ಲಿ ನೀವು ಪಳಗಿದ ಕೈ ಎಂದೂ ಸೇರಿಸಿದಳು. ಹೇಳುವಾಗ ನಗುತ್ತಿದ್ದಳು. ಯಾಕೆ ನಗುತ್ತಿದ್ದಳು ಎಂಬುದು ಓದಿ ಮುಗಿಸುವ ಹೊತ್ತಿಗೆ ನಿಮಗೂ ಗೊತ್ತಾಗುತ್ತದೆ.

ಮೊದಲು ನಮ್ಮ ಸಂಘದ ಕೆಲಸ ಏನೆಂದು ಹೇಳಬೇಕು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ರೈತರು ಬೆಂಡೆ, ಮೆಣಸಿನಕಾಯಿ, ಟೊಮೆಟೊ ಬೀಜ ಬೆಳೆದು ನಮ್ಮಲ್ಲಿಗೆ ತರುತ್ತಾರೆ. ಪ್ರತಿಯೊಬ್ಬರ ಬೀಜದಿಂದ ನೂರು ಕಾಳು ಎಣಿಸಿ, ಒದ್ದೆ ಮರಳಿನ ತಟ್ಟೆಯಲ್ಲಿಟ್ಟು, ವಾರ ಬಿಟ್ಟು ಎಷ್ಟು ಮೊಳೆತವು ಎಂದು ನೋಡುತ್ತೇವೆ. ಪಾಸಾದವರನ್ನು ಒಂದು ದಿನ ಕರೆಸಿ, ಅವರ ಕಣ್ಣೆದುರೇ ಚೀಲಕ್ಕೆ ಚೀಟಿ ಹೊಲಿದು, ಸೀಲು ಒತ್ತಿ, ಸಹಿ ಹಾಕಿಸಿಕೊಳ್ಳುತ್ತೇವೆ. ವರ್ಷಕ್ಕೆ ಎರಡು ಹಂಗಾಮು, ಎರಡು ಸೀಲಿನ ದಿನ.

ಆ ದಿನ ಯಾರ ಸರದಿ ಮೊದಲು ಎಂಬುದೇ ಜಗಳ. ನಾನು ಕೈಯಲ್ಲಿ ಪಟ್ಟಿ ಬರೆಯುತ್ತಿದ್ದ ಕಾಲದಲ್ಲಿ ಹಾನಗಲ್ಲಿನವರು ನನ್ನನ್ನು ಹಿರೇಕೆರೂರಿನವರ ಪರ ಎನ್ನುತ್ತಿದ್ದರು, ಹಿರೇಕೆರೂರಿನವರು ನನ್ನನ್ನು ಹೆಂಡತಿಯ ತವರೂರಿನವರ ಪರ ಎನ್ನುತ್ತಿದ್ದರು. ಆಮೇಲೆ ಸಂಘಕ್ಕೆ ಕಂಪ್ಯೂಟರ್ ಬಂತು. ಶಿಗ್ಗಾಂವದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ವಾಮನ ಮಾಸ್ತರರು ಫಾಕ್ಸ್‌ಪ್ರೊ ಎಂಬ ಭಾಷೆಯಲ್ಲಿ ನಮಗೊಂದು ಪ್ರೋಗ್ರಾಮ್ ಬರೆದುಕೊಟ್ಟರು. ಪಟ್ಟಿ ಅದೇ ತೆಗೆಯಲು ಶುರು ಮಾಡಿದ ಮೇಲೆ ಜಗಳ ನಿಂತಿತು. ಕಂಪ್ಯೂಟರಿಗೆ ತವರೂರು ಇಲ್ಲ, ಅದು ಯಾರ ಪರವೂ ಅಲ್ಲ ಎಂದು ನಾಲ್ಕೂ ತಾಲೂಕು ನಂಬಿತು. ಹಾಗಲ್ಲ ಎಂದು ಗೊತ್ತಿದ್ದವರು ಇಬ್ಬರೇ: ಮಾಸ್ತರರು ಮತ್ತು ನಾನು.

ನಡೆದದ್ದು ಇಷ್ಟು. ಹತ್ತಿಮತ್ತೂರಿನ ಫಕ್ಕೀರಪ್ಪ ನನ್ನದೇ ವಯಸ್ಸಿನ ರೈತ, ಸದಸ್ಯ ನಂಬರು ಇನ್ನೂರ ಹದಿನೇಳು. ಕಂಪ್ಯೂಟರ್ ಬಂದ ವರ್ಷವೇ ಅವನ ಬೆಂಡೆ ಬೀಜ ಫೇಲಾಯಿತೆಂದು ನಾನು ಬರೆದು ಕಳಿಸಿದೆ. ಅವನು ಬಂದು ತಟ್ಟೆ ತೋರಿಸಿ ಎಂದ. ತೋರಿಸಿದೆ. ಒಂದು ಗಳಿಗೆ ನೋಡಿ, ಇದು ನನ್ನ ಬೀಜವಲ್ಲ ಎಂದ. ಬೀಜದ ಮೇಲೆ ಹೆಸರು ಬರೆದಿರುತ್ತದೆಯೇ ಎಂದು ನಾನು ಗದರಿದೆ. ಅವನು ಪಕ್ಕದ ತಟ್ಟೆ ಎತ್ತಿಕೊಂಡು ಹೋಗಿ, ಅಂಗಳದಲ್ಲಿ ಅಷ್ಟೂ ರೈತರ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಮೊಳಕೆ ಮುಟ್ಟಿ ಗಟ್ಟಿಯಾಗಿ ಎಣಿಸಿದ. ಎಣಿಕೆ ತೊಂಬತ್ತು ದಾಟಿತು. ತಟ್ಟೆ ತಿರುಗಿಸಿ ನೋಡಿದರೆ ಅದರ ಬದಿಯಲ್ಲಿ ಅವನ ನಂಬರು, ನನ್ನದೇ ಕೈಬರಹ. ನಾನು ಎರಡು ತಟ್ಟೆ ಅದಲುಬದಲು ಮಾಡಿ ಎಣಿಸಿದ್ದೆ. ಅವನು ಬೈಯಲೂ ಇಲ್ಲ. “ಇರ್ಲಿ ಬಿಡ್ರಿ ಸಾಹೇಬ್ರ, ಚಾಳೀಸು ಬಂದಿರ್ಬೇಕು,” ಎಂದ. ಅಂಗಳವೆಲ್ಲ ನಕ್ಕಿತು. ಆಗ ನನಗೆ ನಲವತ್ತೊಂದು, ಹತ್ತಿರದ್ದು ಮಸುಕಾಗುವ ಆ ಚಾಳೀಸು ನಿಜವಾಗಿಯೂ ಬಂದಿತ್ತು. ಅದೇ ಹೆಚ್ಚು ಉರಿಸಿತು.

ಮರುದಿನ ಮಾಸ್ತರರು ಬಂದಾಗ, ಪಟ್ಟಿ ಹೇಗೇ ಬರಲಿ, ಇನ್ನೂರ ಹದಿನೇಳು ಮಾತ್ರ ಎಲ್ಲರಿಗಿಂತ ಕೊನೆಗೆ ಬರುವಂತೆ ಮಾಡಿ, ಈ ಒಂದು ಹಂಗಾಮಿಗೆ ಸಾಕು ಎಂದೆ. ಮಾಸ್ತರರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಏನನ್ನೋ ಟೈಪ್ ಮಾಡಿದರು. ಆ ಹಂಗಾಮು ಫಕ್ಕೀರಪ್ಪ ಬೆಳಿಗ್ಗೆ ಬಂದವನು ಹೊತ್ತು ಇಳಿಯುವವರೆಗೆ ಕೂತ. ನನಗೆ ಹೊಟ್ಟೆ ತಣ್ಣಗಾಯಿತು.

ಮಾಸ್ತರರು ಟೈಪ್ ಮಾಡಿದ ಆ ಸಾಲನ್ನು ತೆಗೆಸಲು ಮರೆತೆ ಎಂದು ಬರೆದರೆ ಅರ್ಧ ಸುಳ್ಳು. ಮೊದಲ ಎರಡು ವರ್ಷ ಮರೆತದ್ದು ನಿಜ. ಅಷ್ಟರಲ್ಲಿ ಇನ್ನೊಂದು ತಮಾಷೆ ಆಗಿತ್ತು. ಎಲ್ಲರ ಚೀಲ ಮುಗಿದ ಮೇಲೆ ಅಂಗಳದಲ್ಲಿ ಉಳಿಯುತ್ತಿದ್ದವರು ಮೂವರೇ: ಚೀಲ ಹೊಲಿಯುವ ಹಮಾಲ, ನಾನು ಮತ್ತು ಫಕ್ಕೀರಪ್ಪ. ಒಬ್ಬನನ್ನೇ ಕೂರಿಸಿ ಚಹಾ ಕುಡಿಯುವುದು ಸರಿ ಕಾಣದೆ ಅವನಿಗೂ ತರಿಸಿದೆ. ಮುಂದಿನ ಹಂಗಾಮು ಅವನು ಹೆಂಡತಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ತಂದ. ಅದರ ಮುಂದಿನ ಸಲ ಸವಣೂರಿನ ಎಲೆ ತಂದು, ಸುಣ್ಣ ಹಚ್ಚಿ, ಮಡಚಿ ಕೊಟ್ಟ. ನಾಲ್ಕನೆಯ ವರ್ಷಕ್ಕೆ ನಾವು ಗೆಳೆಯರಾಗಿದ್ದೆವು. ನನ್ನ ಮಗಳ ಮದುವೆಯಲ್ಲಿ ಅವನು ಮೂರು ದಿನ ಪಂಕ್ತಿಯಲ್ಲಿ ಬಡಿಸಿದ. ನನ್ನ ತಾಯಿ ತೀರಿಕೊಂಡಾಗ ಹೊಲದ ಕೆಲಸ ಬಿಟ್ಟು ಓಡಿ ಬಂದು ಹೆಗಲು ಕೊಟ್ಟ. ಪ್ರತಿ ಸೀಲಿನ ದಿನವೂ ಪಟ್ಟಿಯ ತಳದಲ್ಲಿ ತನ್ನ ಹೆಸರು ನೋಡಿ, “ನನ್ನ ನಂಬರ ಖೊಟ್ಟಿ ಐತ್ರಿ ಸಾಹೇಬ್ರ,” ಎನ್ನುತ್ತಿದ್ದ. ನಾನು ಹೌದು ಹೌದು ಎಂದು ಚಹಾ ಹೀರುತ್ತಿದ್ದೆ. ಅಷ್ಟರಲ್ಲಿ ಮಾಸ್ತರರು ತೀರಿಕೊಂಡರು. ಸಾಲು ತೆಗೆಸಬೇಕೆಂದರೆ ಇನ್ನೊಬ್ಬರಿಗೆ ಹೇಳಬೇಕು, ಹೇಳಿದರೆ ಮಾತು ಹತ್ತಿಮತ್ತೂರು ಮುಟ್ಟುತ್ತದೆ. ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು.

ನನಗೆ ನಿವೃತ್ತಿ ಹತ್ತಿರ ಬಂದಾಗ, ಬೀಜದ ಪ್ರತಿ ಚೀಟಿಯ ಮೇಲೂ ಫೋನಿನಲ್ಲಿ ಓದಬಹುದಾದ ಚೌಕದ ಗುರುತು ಇರಬೇಕೆಂದು ಹೊಸ ನಿಯಮ ಬಂತು. ಹಳೆಯ ಕಂಪ್ಯೂಟರೂ ಕೊನೆಯುಸಿರು ಎಳೆಯುತ್ತಿತ್ತು. ನಮ್ಮ ಅಧ್ಯಕ್ಷರಾದ ವೀರನಗೌಡರು ಸಭೆ ಕರೆದರು. ಹಳೆಯ ಪ್ರೋಗ್ರಾಮಿನಲ್ಲಿ ಇಪ್ಪತ್ತು ವರ್ಷದ ಸಂಘ ಇದೆ, ಅದನ್ನು ಎಸೆಯುವಂತಿಲ್ಲ, ಆ ಹಳೆಯ ಭಾಷೆ ಬಲ್ಲವರೊಬ್ಬರನ್ನು ಹುಡುಕಿ ಎಂದರು. “ಒಂದೊಂದ ಸಾಲು ಓದಿ ಹೊಸದರಾಗ ಬರೀಬೇಕು. ಒಂದು ಸಾಲೂ ಬಿಡಬಾರದು,” ಎಂದು ಮೇಜು ತಟ್ಟಿ ಹೇಳಿದರು. ಹುಡುಕುವ ಜವಾಬ್ದಾರಿ ನನಗೆ ಬಿತ್ತು. ಅಂದರೆ ನನ್ನ ಕಳ್ಳತನ ಹಿಡಿಯುವವರನ್ನು ನಾನೇ ಆರಿಸಬೇಕಿತ್ತು.

ಖಾಯಂ ನೌಕರಿಯಲ್ಲ, ಕೆಲಸ ಮುಗಿಸಿ ಹೋಗುವವರು, ಫ್ರೀಲಾನ್ಸರ್ ಸಾಕು ಎಂದು ಸವಿತಾ ವಿವರಿಸಿದಳು. ಆಗ ಅವಳು ನಮ್ಮ ಕಂಪ್ಯೂಟರ್ ಆಪರೇಟರ್. ಫ್ರೀಲಾನ್ಸರ್ ಎಂದರೇನು ಎಂದು ತಿಳಿಯಲು ನಿರ್ದೇಶಕರಿಗೆ ಅರ್ಧ ಸಭೆ ಬೇಕಾಯಿತು. ಯಾರ ಕೈಕೆಳಗೂ ಇಲ್ಲದವನು ನಮ್ಮ ಮಾತು ಯಾಕೆ ಕೇಳುತ್ತಾನೆ ಎಂದು ಹಾನಗಲ್ಲಿನ ನಿರ್ದೇಶಕರು ಕೇಳಿದರು. ಕೈಕೆಳಗೆ ಇರುವವರು ಎಷ್ಟು ಕೇಳುತ್ತಾರೆ ಎಂದು ಗೌಡರು ನನ್ನ ಕಡೆ ನೋಡಿದರು.

ಜಾಹೀರಾತು ನಾನೇ ಬರೆದೆ. ಬೇಗ ಮುಗಿಸುವವರಿಗೆ ಆದ್ಯತೆ ಎಂದು ಹಾಕಿದೆ. ಅವಸರದವನು ಸಾಲು ಸಾಲು ಓದುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಸವಿತಾ ಅದನ್ನು ವೆಬ್‌ಸೈಟಿಗೆ ಹಾಕುವಾಗ, ಮ್ಯಾನೇಜರು ಗಡಿಬಿಡಿಯಲ್ಲಿ ತಪ್ಪಾಗಿ ಬರೆದಿದ್ದಾರೆಂದು ತಿಳಿದು, ಕೂಲಂಕಷವಾಗಿ ಓದುವವರಿಗೆ ಆದ್ಯತೆ ಎಂದು ತಿದ್ದಿದಳು. ಒಳ್ಳೆಯ ಸಹಾಯಕರಿದ್ದರೆ ಆಗುವ ತೊಂದರೆ ಇದು.

ಅರ್ಜಿಗಳಲ್ಲಿ ಮೂರು ಉಳಿದವು. ಮೊದಲನೆಯವನು ದೂರದ ದೊಡ್ಡ ಊರಿನವನು, ಹದಿನಾಲ್ಕು ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುತ್ತೇನೆ ಎಂದಿದ್ದ. ಫೋನಿನ ಪರದೆಯಲ್ಲಿ ಸಂದರ್ಶನ. ಗೌಡರಿಗೆ ಎತ್ತು ಕೊಂಡು ಅಭ್ಯಾಸ. ಯಾವ ಊರು, ಯಾರ ಪೈಕಿ, ಮೊದಲು ಯಾರ ಹತ್ತಿರ ದುಡಿದೆ, ಅಲ್ಲಿ ಯಾಕೆ ಬಿಟ್ಟೆ ಎಂದೆಲ್ಲ ಕೇಳಿದರು. ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸು ಎನ್ನುವುದೊಂದು ಬಾಕಿ ಉಳಿಯಿತು. ಎರಡನೆಯವನು ಶಿಗ್ಗಾಂವದ ಮಹಾಂತೇಶ. ಹಳೆಯದನ್ನು ಓದುತ್ತ ಕೂರುವುದು ದಂಡ, ಅದನ್ನು ಹಾಗೇ ಕಟ್ಟಿಟ್ಟು ಮರೆತುಬಿಡಿ, ನಾನು ಹೊಸದನ್ನೇ ಬರೆಯುತ್ತೇನೆ ಎಂದ. ಇಷ್ಟು ಚಂದದ ಮಾತನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ಅವನಿಗೆ ಎರಡನೆಯ ಸಲ ಚಹಾ ತರಿಸಿದೆ, ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟು ಬಂದೆ.

ಮೂರನೆಯವಳು ಸವಣೂರಿನ ರುಬಿನಾ. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಹಾನಗಲ್ಲಿನ ಅಕ್ಕಿ ಗಿರಣಿಗಳಲ್ಲಿ ಇಂಥ ಹಳೆಯ ಪ್ರೋಗ್ರಾಮುಗಳು ಕೆಟ್ಟಾಗ ಮನೆಯಲ್ಲೇ ಕೂತು ರಿಪೇರಿ ಮಾಡಿಕೊಡುವವಳು. ಫಾಕ್ಸ್‌ಪ್ರೊ ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, ಶಿಗ್ಗಾಂವದಲ್ಲಿ ವಾಮನ ಮಾಸ್ತರರ ಹತ್ತಿರ ಎಂದಳು. ನಾನು ಅವಳ ಹೆಸರಿನ ಮುಂದೆ ಮೆತ್ತಗೆ ಒಂದು ಗೀಟು ಎಳೆದೆ.

ಗೌಡರು ಮಾತಿನ ಮೇಲೆ ಆರಿಸಲು ಒಪ್ಪಲಿಲ್ಲ. ಬೀಜಕ್ಕೆ ಮಾಡುವ ಪರೀಕ್ಷೆ ಇವರಿಗೂ ಮಾಡಿ, ಒಂದು ಸಣ್ಣ ಕೆಲಸ ಕೊಟ್ಟು ವಾರ ಬಿಟ್ಟು ನೋಡಿ ಎಂದರು. ಯಾವ ಅಪಾಯವೂ ಇಲ್ಲದ ಒಂದು ಪ್ರಶ್ನೆ ಹುಡುಕಿ ನಾನು ಮೂವರಿಗೂ ಪ್ರೋಗ್ರಾಮಿನ ಒಂದು ತುಣುಕು ಕಳಿಸಿದೆ: ಊರುಗಳ ಪಟ್ಟಿಯಲ್ಲಿ ಗೊಟಗೋಡಿ ಯಾಕೆ ಎರಡು ಸಲ ಬರುತ್ತದೆ?

ಹದಿನಾಲ್ಕು ಭಾಷೆಯವನ ಉತ್ತರ ಒಂದೇ ತಾಸಿನಲ್ಲಿ ಬಂತು. ಸೊಗಸಾದ ಇಂಗ್ಲಿಷಿನಲ್ಲಿ ಮೂರು ಪುಟ. ನಾವು ಕಳಿಸಿದ ತುಣುಕಿನಲ್ಲಿ ಇಲ್ಲವೇ ಇಲ್ಲದ ಸಾಲುಗಳನ್ನು ಉದ್ಧರಿಸಿ, ಅವುಗಳಲ್ಲಿ ತಪ್ಪು ಹುಡುಕಿದ್ದ. ಯಂತ್ರಕ್ಕೆ ಕೇಳಿ ಬರೆಸಿದ್ದು, ತಾನು ಓದಿಯೂ ಇಲ್ಲ ಎಂದು ಸವಿತಾ ಹೇಳಿದಳು. ಮಹಾಂತೇಶ ಎರಡರಲ್ಲಿ ಒಂದನ್ನು ಅಳಿಸಿ, ಕೆಲಸ ಮುಗಿಯಿತು ಎಂದು ಕಳಿಸಿದ. ರುಬಿನಾ ಉತ್ತರವನ್ನೇ ಕಳಿಸಲಿಲ್ಲ. ನಾಲ್ಕನೆಯ ದಿನ ಫೋನು ಮಾಡಿ, ಗೊಟಗೋಡಿಯಲ್ಲಿ ಒಂದೇ ಹೆಸರಿನ ಇಬ್ಬರು ರೈತರು ಇದ್ದರೇ ಎಂದು ಕೇಳಿದಳು. ಇದ್ದರು. ತಂದೆಯ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಇಬ್ಬರನ್ನು ಬೇರೆ ಮಾಡಲಾಗದೆ ಮಾಸ್ತರರು ಊರನ್ನೇ ಎರಡು ಮಾಡಿದ್ದರು. ಒಂದನ್ನು ಅಳಿಸಿದ್ದರೆ ಇಬ್ಬರ ಬೀಜವೂ ಕಲೆಯುತ್ತಿತ್ತು. ಗೌಡರು ನಾನು ಎಳೆದ ಗೀಟನ್ನು ನೋಡದೆ ಅವಳ ಹೆಸರಿಗೆ ಸಹಿ ಹಾಕಿದರು. ಹೊಸಬರು ಇದೊಂದನ್ನು ಗುರುತು ಹಾಕಿಕೊಳ್ಳಿ: ಉತ್ತರ ಹೇಳುವ ಮೊದಲು ತಿರುಗಿ ಪ್ರಶ್ನೆ ಕೇಳುವವರನ್ನು ತೆಗೆದುಕೊಳ್ಳಿ. ನಿಮ್ಮ ಬೆನ್ನ ಹಿಂದೆ ಬಚ್ಚಿಟ್ಟದ್ದು ಏನೂ ಇಲ್ಲದಿದ್ದರೆ.

ಗೌಡರಿಗೆ ಕಣ್ಣಿಗೆ ಕಾಣದ ಕೆಲಸ ಕೆಲಸವಲ್ಲ. ಫ್ರೀಲಾನ್ಸರ್ ಆದರೂ ಹತ್ತರಿಂದ ಐದರವರೆಗೆ ಕಚೇರಿಯಲ್ಲಿ ಕೂತು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕೆಂದರು. ರುಬಿನಾ ಹಾವೇರಿಯಲ್ಲಿ ಬಸ್ಸು ಬದಲಿಸಿ ಎರಡು ದಿನ ಬಂದಳು. ಮೊದಲ ದಿನ ನಿರ್ದೇಶಕರೊಬ್ಬರ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು, ಇನ್ನೊಬ್ಬರ ಮೊಮ್ಮಗಳ ಹಾಸ್ಟೆಲ್ ಅರ್ಜಿ ತುಂಬಿದಳು. ಎರಡನೆಯ ದಿನ ಗೌಡರ ಮನೆಯವರು ಕಳೆದುಕೊಂಡಿದ್ದ ಜಾತ್ರೆಯ ಫೋಟೊಗಳನ್ನು ಹುಡುಕಿಕೊಟ್ಟಳು. ಸಂಜೆ ಹಾಜರಿ ಪುಸ್ತಕ ಮುಂದಿಟ್ಟುಕೊಂಡು, ಇದರಲ್ಲಿ ಮಾಡಿದ ಕೆಲಸ ಬರೆಯುವ ಕಾಲಂ ಎಲ್ಲಿದೆ ಎಂದು ಗೌಡರನ್ನೇ ಕೇಳಿದಳು. ಗೌಡರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಅದು ಇರಲಿಲ್ಲ.

“ನಾ ಮನ್ಯಾಗ ಕುಂತ ಮಾಡ್ತೇನ್ರಿ,” ಎಂದಳು ರುಬಿನಾ. “ದಿನಾ ಸಂಜೀಕ ಮ್ಯಾನೇಜರ ಸಾಹೇಬ್ರಿಗೆ ಫೋನ್ ಹಚ್ಚಿ ಒಂದು ಪ್ರಶ್ನೆ ಕೇಳ್ತೇನಿ. ಪ್ರಶ್ನೆ ಬರಲಾರದ ದಿನ ನಾ ಕೆಲಸ ಮಾಡಿಲ್ಲ ಅಂತ ತಿಳೀರಿ.”

ಗೌಡರಿಗೆ ಈ ಕರಾರು ಹಿಡಿಸಿತು. ಅಂದಿನಿಂದ ಬೆಳಿಗ್ಗೆ ಕಚೇರಿಗೆ ಬಂದವರೇ ನಿನ್ನೆ ಪ್ರಶ್ನೆ ಬಂತೇ ಎಂದು ನನ್ನನ್ನು ಕೇಳುತ್ತಿದ್ದರು.

ಮೊದಲ ಎರಡು ವಾರ ನನಗೂ ಖುಷಿಯೇ. ಪಟ್ಟಿ ತೆಗೆಯುವ ಮೊದಲು ಪ್ರೋಗ್ರಾಮ್ ಯಾಕೆ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತದೆ ಎಂದು ಒಂದು ದಿನ ಕೇಳಿದಳು. ಹಳೆಯ ಪ್ರಿಂಟರಿನಲ್ಲಿ ಕಾಗದ ವಕ್ರ ಹೋಗುತ್ತಿತ್ತು, ನಾನು ಅದನ್ನು ನೆಟ್ಟಗೆ ಮಾಡಲೆಂದು ಮಾಸ್ತರರು ಅಷ್ಟು ಸಮಯ ಕೊಟ್ಟಿದ್ದರು. ಆ ಪ್ರಿಂಟರ್ ಗುಜರಿಗೆ ಹೋದ ಮೇಲೂ ನಾವು ವರ್ಷಗಟ್ಟಲೆ ಆ ಅರ್ಧ ನಿಮಿಷ ಕಾದಿದ್ದೇವೆ. ಅಮಾವಾಸ್ಯೆಯ ದಿನ ಪ್ರೋಗ್ರಾಮ್ ಯಾಕೆ ಪಟ್ಟಿ ಕೊಡುವುದಿಲ್ಲ ಎಂದು ಇನ್ನೊಂದು ದಿನ ಕೇಳಿದಳು. ಆಗಿನ ಅಧ್ಯಕ್ಷರು ಅಮಾವಾಸ್ಯೆಗೆ ಸೀಲು ಮುಟ್ಟುತ್ತಿರಲಿಲ್ಲ. ಹೀಗೆ ನಾನು ಉತ್ತರ ಹೇಳುವುದು, ಇಬ್ಬರೂ ನಗುವುದು. ಇನ್ನೂರ ಹದಿನೇಳು ಅವಳ ಕಣ್ಣು ತಪ್ಪಿಸಿತೆಂದೇ ನಾನು ಎಣಿಸಿದ್ದೆ.

ಹದಿನೈದನೆಯ ದಿನವೋ ಹದಿನಾರನೆಯ ದಿನವೋ ಫೋನು ಬಂತು.

“ಸರ್ರ, ಇವತ್ತಿಂದು ಸಣ್ಣ ಪ್ರಶ್ನೆ ಐತ್ರಿ. ಎರಡ್ನೂರಾ ಹದಿನೇಳು ಯಾರ್ರಿ?”

ಯಾಕೆ ಎಂದು ಕೇಳಿದೆ. ಆ ನಂಬರನ್ನು ಕೊನೆಗೆ ತಳ್ಳುವ ಸಾಲೊಂದಿದೆ, ಪಕ್ಕದಲ್ಲಿ ಮಾಸ್ತರರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿಟ್ಟಿದ್ದಾರೆ ಎಂದು ಓದಿ ಹೇಳಿದಳು: ‘ಸಾಹೇಬರು ಹೇಳಿದ್ದು. ಈ ಹಂಗಾಮಿಗೆ ಮಾತ್ರ.’ ಮಾಸ್ತರರು ಅಂದು ಟೈಪ್ ಮಾಡಿದ್ದು ಒಂದು ಸಾಲಲ್ಲ, ಎರಡು. ಯಾವ ಸಾಹೇಬರು ಎಂದು ರುಬಿನಾ ಕೇಳಿದಳು.

“ಅವ್ರು ತೀರ್ಕೊಂಡ್ರು,” ಎಂದೆ.

“ಅಯ್ಯ ಪಾಪ,” ಎಂದಳು.

ಆ ಸಾಲನ್ನು ಸುಮ್ಮನೆ ತೆಗೆದು ಎಸೆದುಬಿಡು ಎಂದೆ. ಸುಮ್ಮನೆ ಏನನ್ನೂ ತೆಗೆಯುವಂತಿಲ್ಲ ಎಂದಳು. ತೆಗೆದ ಪ್ರತಿ ಸಾಲನ್ನೂ ಯಾರು ಹಾಕಿಸಿದ್ದು, ಯಾರು ತೆಗೆಸಿದ್ದು, ಯಾಕೆ ಎಂದು ಒಂದು ಪುಸ್ತಕದಲ್ಲಿ ಬರೆಯುವುದು ಮಾಸ್ತರರು ಕಲಿಸಿದ ರೂಢಿಯಂತೆ. ಕೆಲಸ ಮುಗಿದ ದಿನ ಆ ಪುಸ್ತಕ ಗೌಡರ ಕೈಗೆ. ತೀರಿಕೊಂಡ ಸಾಹೇಬರ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ ಎಂದಳು. ನಾನು ಹಲೋ ಹಲೋ ಎಂದು ನಾಲ್ಕು ಸಲ ಕೂಗಿ, ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನು ಇಟ್ಟೆ.

ಮರುದಿನದಿಂದ ಅವಳ ಫೋನು ಎತ್ತಲಿಲ್ಲ. ಗೌಡರು ಬೆಳಿಗ್ಗೆ ಕೇಳಿದರು, ಪ್ರಶ್ನೆ ಬಂತೇ? ಇಲ್ಲ ಎಂದೆ. ಎರಡನೆಯ ದಿನವೂ ಇಲ್ಲ ಎಂದೆ. ಮೂರನೆಯ ದಿನ ಗೌಡರಿಗೆ ಸಿಟ್ಟು ಬಂತು. ಹುಡುಗಿ ಕೈ ಕೊಟ್ಟಳು, ನಾಳೆಯೂ ಬರದಿದ್ದರೆ ಬಿಡಿಸಿ ಆ ಶಿಗ್ಗಾಂವದವನನ್ನು ಕರೆಸಿ ಎಂದರು. ನಾನು ಬಯಸಿದ್ದು ಅದೇ ಆಗಿತ್ತು. ಮಹಾಂತೇಶ ಏನನ್ನೂ ಓದುವುದಿಲ್ಲ, ಪುಸ್ತಕವಿಲ್ಲ, ನಾನು ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಆದರೆ ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಒಂದು ಲೆಕ್ಕ ಹೊಳೆಯಿತು. ನನ್ನ ಒಂದು ತಪ್ಪು ಎತ್ತಿ ತೋರಿಸಿದವನನ್ನು ಹತ್ತೊಂಬತ್ತು ವರ್ಷ ಕೂರಿಸಿದ್ದೆ. ಈಗ ಎರಡನೆಯದನ್ನು ಹುಡುಕಿದವಳ ಅನ್ನಕ್ಕೇ ಕೈ ಹಾಕುತ್ತಿದ್ದೆ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಡಬ್ಬಿ ಮುಚ್ಚಿ, ರಜೆ ಚೀಟಿ ಬರೆದಿಟ್ಟು, ಸವಣೂರಿನ ಕಡೆ ಹೊರಟೆ.

ರುಬಿನಾಳ ಮನೆಯ ಪಡಸಾಲೆಯಲ್ಲಿ ಅವಳ ಅಬ್ಬಾ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುತ್ತಿದ್ದರು. ನನಗೆ ಒಂದು ತಟ್ಟೆ ಖಾರಾ, ಒಂದು ಕಪ್ಪು ಚಹಾ ಬಂತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು, ಆ ಸಾಹೇಬ ನಾನೇ ಎಂದೆ.

“ಗೊತ್ತೈತ್ರಿ,” ಎಂದು ಅವಳು ಪುಸ್ತಕ ತೆರೆದು ತೋರಿಸಿದಳು. ಇನ್ನೂರ ಹದಿನೇಳರ ಎದುರು ಪೆನ್ಸಿಲಿನಲ್ಲಿ ಮ್ಯಾನೇಜರ ಸಾಹೇಬರು ಎಂದು ಬರೆದಿತ್ತು. “ನೀವು ತೀರ್ಕೊಂಡ ಸುದ್ದಿ ನಿಮ್ಮ ಬಾಯಿಂದನ ಕೇಳಿದೆ. ಅದಕ್ಕ ಅಯ್ಯ ಪಾಪ ಅಂದೆ.”

ಅವಳ ಅಬ್ಬಾ ಎಲೆ ಎಣಿಸುವುದು ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನಕ್ಕದ್ದನ್ನು ಮುಚ್ಚಿಕೊಳ್ಳಲು ಇರಬೇಕು. ಕಾರಣದ ಕಾಲಮ್ಮಿಗೆ ಏನು ಬರೆಯಲಿ ಎಂದು ಅವಳು ಕೇಳಿದಳು. ಸಿಟ್ಟು ಎಂದು ಬರಿ ಎಂದೆ. ಅವಳು ಬರೆದಳು, ಪೆನ್ಸಿಲಿನಲ್ಲೇ. ಶಾಯಿಯಲ್ಲಿ ನಾಳೆ ತಿದ್ದುತ್ತೇನೆ, ಪುಸ್ತಕದಿಂದ ಗೊತ್ತಾಗುವ ಮೊದಲು ಆ ಇನ್ನೂರ ಹದಿನೇಳರವರಿಗೆ ನಿಮ್ಮಿಂದ ಗೊತ್ತಾಗಲಿ ಎಂದಳು. ಆಮೇಲೆ ಆ ದಿನದ ಪ್ರಶ್ನೆಯನ್ನೂ ಕೇಳಿ ಮುಗಿಸಿದಳು; ಏನು ಕೇಳಿದಳೋ ನೆನಪಿಲ್ಲ. ನಾನು ಟಂಟಂ ಆಟೊ ಹತ್ತಿ ಹತ್ತಿಮತ್ತೂರಿಗೆ ಹೋದೆ.

ಫಕ್ಕೀರಪ್ಪ ಬೆಂಡೆಯ ಸಾಲಿನಲ್ಲಿ ಬಗ್ಗಿ ನಿಂತಿದ್ದ. ಬೀಜದ ಬೆಂಡೆಯಲ್ಲಿ, ನಾಳೆ ಅರಳುವ ಮೊಗ್ಗನ್ನು ಇಂದೇ ಸುಲಿದು, ಒಳಗಿನ ಗಂಡು ಭಾಗ ತೆಗೆದು, ಗುರುತಿಗೆ ಕೆಂಪು ದಾರ ಕಟ್ಟುತ್ತಾರೆ. ನನ್ನನ್ನು ಕಂಡು ಅವನ ಮುಖ ಅರಳಿತು. ಸೀಲಿನ ದಿನವಲ್ಲದ ದಿನ ಬಂದೆನೆಂದು ಅವನಿಗೆ ಸಂತೋಷ. ಅದರಿಂದ ನನಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವನು ಒಂದು ಮೊಗ್ಗಿನಿಂದ ಇನ್ನೊಂದಕ್ಕೆ ಸರಿಯುತ್ತಿದ್ದ, ನಾನು ಹಿಂದೆ ಹಿಂದೆ ಹೋಗುತ್ತ ಎಲ್ಲ ಹೇಳಿದೆ. ತಟ್ಟೆ, ಚಾಳೀಸು, ಮಾಸ್ತರರು, ಸಾಲು.

“ಹತ್ತೊಂಬತ್ತು ವರ್ಷಾನೂ?” ಎಂದು ಕೇಳಿದ, ತಿರುಗಿ ನೋಡದೆ.

ಹೂಂ ಎಂದೆ.

“ವರ್ಷಕ್ಕ ಎರಡು ಸಲಾನೂ?”

ಹೂಂ ಎಂದೆ. ಅವನು ಕೈಯಲ್ಲಿದ್ದ ದಾರ ಕಟ್ಟಿ ಮುಗಿಸಿದ. ಒಂದು ವರ್ಷ ತನ್ನ ಹಿರಿ ಮಗಳನ್ನು ನೋಡಲು ಗಂಡಿನವರು ಬಂದ ದಿನವೇ ಸೀಲಿನ ದಿನವಾಗಿತ್ತು, ತಾನು ಮನೆ ಮುಟ್ಟುವಷ್ಟರಲ್ಲಿ ತನ್ನ ಭಾವಮೈದುನ ಮಾತು ಕೊಟ್ಟು ಕಳಿಸಿದ್ದ ಎಂದ. ಬಂದ ಅಳಿಯ ಬೆಳಿಗ್ಗೆ ಬಾಯಿ ತೆರೆದರೆ ಮಲಗುವವರೆಗೆ ಮುಚ್ಚುವುದಿಲ್ಲ. ಆ ಅಳಿಯನನ್ನು ನೀವೇ ಕೊಟ್ಟಂತಾಯಿತು ಎಂದ. ನಾನು ನಕ್ಕೆ. ಅವನು ನಗುತ್ತಿರಲಿಲ್ಲ.

“ನನ್ನ ಹೆಂಡ್ತಿ ಆ ನಂಬರಿನ ಸಲುವಾಗಿ ಹನ್ನೊಂದು ಸೋಮವಾರ ಒಪ್ಪತ್ತು ಹಿಡದಾಳ್ರಿ,” ಎಂದ. “ನನ್ನ ಗ್ರಹಚಾರ ಅಂತ ತಿಳಕೊಂಡಿದ್ವಿ. ಹೋಗ್ರಿ ಸಾಹೇಬ್ರ. ಬಸ್ಸು ತಪ್ಪತೈತಿ.”

ನೀರು ಕುಡಿಯಿರಿ ಎನ್ನಲಿಲ್ಲ. ಹತ್ತಿಮತ್ತೂರಿನಲ್ಲಿ ದಾರಿಹೋಕರಿಗೂ ನೀರು ಕೇಳುತ್ತಾರೆ.

ಕೆಲಸ ಮುಗಿದ ದಿನ ರುಬಿನಾಳ ಪುಸ್ತಕ ಗೌಡರ ಮೇಜಿಗೆ ಬಂತು. ಹಾಕಿಸಿದವರು ಮ್ಯಾನೇಜರ ಸಾಹೇಬರು, ತೆಗೆಸಿದವರು ಮ್ಯಾನೇಜರ ಸಾಹೇಬರು, ಕಾರಣ ಸಿಟ್ಟು ಎಂದು ಶಾಯಿಯಲ್ಲಿತ್ತು. ಗೌಡರು ಅದನ್ನು ಎರಡು ಸಲ ಓದಿ, ನನ್ನ ನಂಬರಿನ ಮೇಲೂ ಏನಾದರೂ ಬರೆಸಿದ್ದೀರೇನು ಎಂದು ಕೇಳಿದರು. ಇಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ಶಿಕ್ಷೆಯೆಂದು ಹೇಳದೆಯೇ ಶಿಕ್ಷೆ ಕೊಟ್ಟರು: ಆ ಹಂಗಾಮಿನ ಸೀಲಿನ ದಿನ, ಪಟ್ಟಿ ಓದುವ ಮೊದಲು ಆ ಪುಟವನ್ನು ನಾನೇ ಅಂಗಳದಲ್ಲಿ ನಿಂತು ಓದಬೇಕು. ಓದಿದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಸುಲಭವಾಗುತ್ತಿತ್ತು.

ಹೊಸ ಪಟ್ಟಿಯಲ್ಲಿ ಫಕ್ಕೀರಪ್ಪನದು ನಾಲ್ಕನೆಯ ಹೆಸರು. ಬಂದ, ಚೀಲಕ್ಕೆ ಸೀಲು ಬಿತ್ತು, ಸಹಿ ಹಾಕಿದ, ಹೋದ. ನಾನು ರೂಢಿಯಂತೆ ತರಿಸಿದ್ದ ಎರಡು ಕಪ್ಪು ಚಹಾ ಮೇಜಿನ ಮೇಲೆಯೇ ತಣ್ಣಗಾದವು. ಆ ಸಂಜೆ ಖಾಲಿ ಅಂಗಳ ನೋಡಿ ನನಗೆ ಅಳು ಬಂತು, ಅದನ್ನು ಬರೆಯಲು ನಾಚಿಕೆಯಿಲ್ಲ. ಮುಂದಿನ ತಿಂಗಳು ನಿವೃತ್ತನಾದೆ. ಹಾರ, ಶಾಲು, ಭಾಷಣ ಎಲ್ಲ ಆಯಿತು. ಅವನು ಬರಲಿಲ್ಲ.

ಮನೆಯಲ್ಲಿ ಕೂತು ಮಾಡುವುದೇನೆಂದು, ಊರ ಹೊರಗಿನ ಅರ್ಧ ಎಕರೆಯಲ್ಲಿ ನಾನೂ ಬೀಜದ ಬೆಂಡೆ ಹಾಕಿದೆ. ಸಂಘದ ಸದಸ್ಯನಾದೆ. ಮೊದಲ ಬೆಳೆಯ ಬೀಜ ಪಾಸಾಯಿತು. ಸವಿತಾ ಎಣಿಸಿದ್ದು, ತಟ್ಟೆ ಸರಿಯಾದದ್ದೇ ಹಿಡಿದಿದ್ದಳು. ಸೀಲಿನ ದಿನ ಬೆಳಿಗ್ಗೆಯೇ ಹೋಗಿ ಅಂಗಳದಲ್ಲಿ ಕೂತೆ. ಹೆಸರು ಕೂಗುತ್ತ ಹೋದರು. ಹತ್ತಾಯಿತು, ಇಪ್ಪತ್ತಾಯಿತು. ಊಟದ ಹೊತ್ತು ದಾಟಿತು. ನನಗಿಂತ ತಡವಾಗಿ ಬಂದವರೂ ಚೀಲ ಹೊರಿಸಿಕೊಂಡು ಹೋದರು. ಹೊತ್ತು ಇಳಿಯುವಾಗ ಒಳಗೆ ಹೋಗಿ ಇದೇನು ಎಂದು ಕೇಳಿದರೆ, ಕಂಪ್ಯೂಟರ್ ತೆಗೆದದ್ದು ಸರ್ ಎಂದು ಸವಿತಾ ತುಟಿ ಕಚ್ಚಿಕೊಂಡಳು. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹೊಸ ಪ್ರೋಗ್ರಾಮಿನಲ್ಲಿ ನನ್ನ ನಂಬರನ್ನು ಕೊನೆಗೆ ತಳ್ಳುವ ಒಂದು ಸಾಲಿತ್ತು. ಪಕ್ಕದಲ್ಲಿ ರುಬಿನಾ ಬರೆದಿದ್ದಳು: ‘ಇನ್ನೂರ ಹದಿನೇಳು ಹೇಳಿದ್ದು. ಹತ್ತೊಂಬತ್ತು ವರ್ಷಕ್ಕೆ ಮಾತ್ರ.’ ಪುಸ್ತಕದಲ್ಲಿ ಅದರ ಎದುರು ಗೌಡರ ಸಹಿಯೂ ಇತ್ತು.

ಹೊರಗೆ ಬಂದೆ. ಅಂಗಳದ ಬೇವಿನ ಕಟ್ಟೆಯ ಮೇಲೆ ಫಕ್ಕೀರಪ್ಪ ಕೂತಿದ್ದ. ಅವನ ಚೀಲಗಳ ಕೆಲಸ ಬೆಳಿಗ್ಗೆಯೇ ಮುಗಿದಿತ್ತು. ಪಕ್ಕದಲ್ಲಿ ಎರಡು ಕಪ್ಪು ಚಹಾ, ತೊಡೆಯ ಮೇಲೆ ಶೇಂಗಾ ಹೋಳಿಗೆಯ ಗಂಟು.

“ಕುಂದ್ರು,” ಎಂದ. ನನ್ನನ್ನು ಅವನು ಸಾಹೇಬ್ರ ಎನ್ನದೆ ಮಾತಾಡಿಸಿದ್ದು ಅದೇ ಮೊದಲು. “ವರ್ಷಕ್ಕ ಎರಡು, ಹತ್ತೊಂಬತ್ತು ವರ್ಷ. ಅದು ಮುಗಿಯೂತನಾ ನೀ ಸಾಯಂಗಿಲ್ಲ. ತಿಳೀತಿಲ್ಲೊ?”

ತಿಳಿಯಿತು ಎಂದೆ. ಬಾಯಲ್ಲಿ ಹೋಳಿಗೆ ಇದ್ದುದರಿಂದ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ಇದುವರೆಗೆ ಮೂರು ಹಂಗಾಮು ಆಗಿವೆ. ಪ್ರತಿ ಸಲವೂ ಅವನ ಹೆಸರು ಬೆಳಿಗ್ಗೆ ಬರುತ್ತದೆ, ನನ್ನದು ಸಂಜೆ, ಅವನು ಅಲ್ಲಿಯವರೆಗೆ ಕೂತಿರುತ್ತಾನೆ. ನಾನು ಬೀಡಿ ಬಿಟ್ಟಿದ್ದೇನೆ. ದಿನಾ ಕೆರೆಯ ಏರಿಯ ಮೇಲೆ ನಡೆದು ಬರುತ್ತೇನೆ, ಡಾಕ್ಟರು ಕೊಟ್ಟ ಗುಳಿಗೆ ತಪ್ಪಿಸುವುದಿಲ್ಲ. ಇನ್ನೂ ಮೂವತ್ತೈದು ಸರದಿ ಕಾಯುವುದಿದೆ.